ತಕ್ಕಡಿಯಲ್ಲಿ ಕೂತ ಸಾಹುಕಾರನೂ ರೊಟ್ಟಿಯ ಸಾವಂತ್ರೆವ್ವನೂ

ಇವತ್ತು ಉಪವಾಸದ ಮಹಿಮೆ ಹೇಳಬೇಕೆಂದು ನಿಮ್ಮ ಊರಿನ ಕಮಿಟಿಯವರು ಚೀಟಿ ಕೊಟ್ಟಿದ್ದಾರೆ. ಹೇಳೋಣ. ಆದರೆ ಮಹಿಮೆಗೆ ಮೊದಲು, ಅದೇ ಉಪವಾಸವನ್ನು ಮುಂದಿಟ್ಟುಕೊಂಡು ನಡೆದ ಒಂದು ಅನ್ಯಾಯವನ್ನು ಹೇಳುತ್ತೇನೆ. ಹಿಂದೆ ಕೂತವರಿಗೆ ಕೇಳಿಸುತ್ತಿದೆಯೇ? ಮೈಕು ಇನ್ನಷ್ಟು ಜೋರು ಮಾಡಿ. ಇದು ಕೇಳಿಸಲೇಬೇಕಾದ ಕಥೆ.

ಮೆಣಸಿನಕಾಯಿ ವ್ಯಾಪಾರದ ಒಂದು ಊರು. ಊರಿಗೆಲ್ಲ ದೊಡ್ಡವನು ಒಬ್ಬ ಸಾಹುಕಾರ. ಹೆಸರು ಬೇಡ. ಅಂಥವನು ಪ್ರತಿ ಪೇಟೆಯಲ್ಲೂ ಒಬ್ಬ ಇರುತ್ತಾನೆ, ನಿಮ್ಮ ಪೇಟೆಯವನನ್ನೇ ನೆನೆದುಕೊಳ್ಳಿ. ಮಠದ ಟ್ರಸ್ಟಿಗೆ ಅವನೇ ಅಧ್ಯಕ್ಷ. ದಷ್ಟಪುಷ್ಟ ಆಸಾಮಿ. ಕುರ್ಚಿಯಲ್ಲಿ ಕೂತರೆ ಕುರ್ಚಿ ಕಾಣುತ್ತಿರಲಿಲ್ಲ. ಆ ಮೈ ನೋಡಿ ಊರು ಏನೆನ್ನುತ್ತಿತ್ತು? 'ಲಕ್ಷ್ಮೀಪುತ್ರ, ಮುಖದ ಮ್ಯಾಲಿನ ಕಳಾ ನೋಡ್ರಿ' ಎನ್ನುತ್ತಿತ್ತು.

ಅದೇ ಊರಿನಲ್ಲಿ ಒಬ್ಬ ಹೆಣ್ಣುಮಗಳು. ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ, ಮದುವೆ ಮನೆಗಳಿಗೆ ಕೊಡುವವಳು. ಗಂಡ ಮೆಣಸಿನಕಾಯಿ ಪೇಟೆಯಲ್ಲಿ ಹಮಾಲಿ. ಹೈಸ್ಕೂಲು ಓದುವ ಒಬ್ಬಳು ಮಗಳು. ಇವಳದೂ ದೊಡ್ಡ ಮೈ. ಆ ಮೈ ನೋಡಿ ಊರು ಏನೆನ್ನುತ್ತಿತ್ತು? 'ಕಣಜವ್ವ' ಎನ್ನುತ್ತಿತ್ತು. ಕಾಳು ತುಂಬುವ ಕಣಜ! ಸಾಹುಕಾರನ ಹೆಸರು ಬೇಡ ಎಂದೆ. ಇವಳ ಹೆಸರು ಮಾತ್ರ ಹೇಳಿಯೇ ತೀರುತ್ತೇನೆ, ಯಾಕೆಂದರೆ ಊರಿಗೆ ಊರೇ ಅದನ್ನು ಮರೆತುಬಿಟ್ಟಿತ್ತು. ಅವಳ ಹೆಸರು ಸಾವಂತ್ರೆವ್ವ.

ಸಾಹುಕಾರನಿಗೆ ಅರವತ್ತು ತುಂಬಿತು. ಮಠದಲ್ಲಿ ತುಲಾಭಾರ ಇಟ್ಟುಕೊಂಡರು. ನೀವೆಲ್ಲ ನೋಡಿದವರೇ. ದೊಡ್ಡ ತಕ್ಕಡಿ, ಸರಪಳಿಗೆ ಹೂವು. ಒಂದು ತಟ್ಟೆಯಲ್ಲಿ ಸಾಹುಕಾರ, ಇನ್ನೊಂದರಲ್ಲಿ ನಾಣ್ಯದ ಚೀಲಗಳು. ನೂರಾ ಹನ್ನೆರಡು ಕಿಲೋ ತೂಗಿದ. ಅಷ್ಟೂ ನಾಣ್ಯ ಮಠಕ್ಕೆ. ಜನ ಚಪ್ಪಾಳೆ ತಟ್ಟಿದರು. ವೇದಿಕೆಯ ಮೇಲಿದ್ದ ಸ್ವಾಮಿ, 'ಸಾಹುಕಾರರು ಇನ್ನೂ ಹತ್ತು ಕಿಲೋ ಹೆಚ್ಚು ತೂಗಿದ್ದರೆ ಮಠಕ್ಕೆ ಲಾಭವಾಗುತ್ತಿತ್ತು' ಎಂದು ಚಟಾಕಿ ಹಾರಿಸಿದ.

ಪ್ರಸಾದಕ್ಕೆ ರೊಟ್ಟಿ ತಂದಿದ್ದ ಸಾವಂತ್ರೆವ್ವ ಕಂಬದ ಪಕ್ಕ ಬುಟ್ಟಿ ಇಳಿಸಿ ನಿಂತು ನೋಡುತ್ತಿದ್ದಳು. ಅವಳಿಗೂ ಖುಷಿ, ಅವಳೂ ಚಪ್ಪಾಳೆ ತಟ್ಟಿದಳು. ಆಗ ಗುಂಪಿನಿಂದ ಯಾವನೋ ಕೂಗಿದ: "ನಮ್ಮ ಕಣಜವ್ವನ್ನ ಕೂಡ್ರಸ್ರಿ ನೋಡೂಣು, ಸರಪಳಿ ಹರಕೊಂಡು ಬೀಳ್ತೈತಿ!"

ಹಾ, ನೀವೂ ನಕ್ಕಿರಿ. ಈಗ ನಕ್ಕಿರಲ್ಲ, ನಾನು ನೋಡಿದೆ. ಅವತ್ತೂ ಎಲ್ಲರೂ ನಕ್ಕರು. ವೇದಿಕೆಯ ಮೇಲಿದ್ದ ಸ್ವಾಮಿಯೂ ನಕ್ಕ. ಆ ಸ್ವಾಮಿ ಯಾರು? ಮುಚ್ಚಿಟ್ಟು ಏನು ಮಾಡಲಿ? ನಿಮ್ಮೆದುರು ಕೂತು ಪ್ರವಚನ ಹೇಳುತ್ತಿದ್ದಾನೆ.

ಸಾವಂತ್ರೆವ್ವನ ತೂಕ ಎಷ್ಟಿತ್ತು ಗೊತ್ತೇ? ನೂರಾ ಎಂಟು ಕಿಲೋ. ಸಾಹುಕಾರನಿಗಿಂತ ನಾಲ್ಕು ಕಿಲೋ ಕಡಿಮೆ! ಅವನ ಮೈಗೆ ನಾಣ್ಯ ಸುರಿದೆವು, ಇವಳ ಮೈಗೆ ನಗು ಸುರಿದೆವು. ಇದು ಯಾವ ನ್ಯಾಯ? ಅವಳು ಸೆರಗನ್ನು ಬಿಗಿಯಾಗಿ ಹೊದ್ದುಕೊಂಡು, ಪ್ರಸಾದವನ್ನೂ ತೆಗೆದುಕೊಳ್ಳದೆ ಖಾಲಿ ಬುಟ್ಟಿ ಹೊತ್ತು ಮನೆಗೆ ಹೋದಳು.

'ತಿಂದು ತಿಂದು ಹಂಗಾಗ್ಯಾಳ' ಎನ್ನುತ್ತಿದ್ದರು. ಅವಳು ಏನು ತಿನ್ನುತ್ತಾಳೆಂದು ಯಾರು ನೋಡಿದ್ದರು? ಮಗಳನ್ನು ಹೆತ್ತ ಮೇಲೆ ಏರಿದ ಮೈ ಇಳಿದಿರಲಿಲ್ಲ. ಬೆಳಗಿನಿಂದ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುವವಳಿಗೆ ಹೊತ್ತು ಹೊತ್ತಿಗೆ ಊಟವಿರಲಿಲ್ಲ. ಹರಿದ ರೊಟ್ಟಿ, ಮುರಿದ ರೊಟ್ಟಿ ಚಹಾದಲ್ಲಿ ಅದ್ದಿ ತಿನ್ನುವುದು, ಅಷ್ಟೆ. ಸಕ್ಕರೆ ರೋಗ ಬಂತು. ಮೊಣಕಾಲು ಹೋದವು. ಮಲಗಿದರೆ ಗೊರಕೆಯ ನಡುವೆ ಉಸಿರು ನಿಂತುಬಿಡುತ್ತಿತ್ತು, ಗಂಡ ಅಲ್ಲಾಡಿಸಿ ಎಬ್ಬಿಸಬೇಕು.

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಎಲ್ಲ ಪರೀಕ್ಷೆ ಮಾಡಿಸಿ ಎದುರಿಗೆ ಕೂರಿಸಿಕೊಂಡು ಹೇಳಿದರು: "ಸಾವಂತ್ರೆವ್ವ, ಇದು ಬರೇ ಬಾಯಿ ಚಪಲದ ಮಾತಲ್ಲ, ರೋಗ. ಔಷಧ, ಪಥ್ಯ ಎಲ್ಲಾ ಮೂರು ವರ್ಷ ಮಾಡಿ ನೋಡೀವಿ. ನಿಮ್ಮಂಥವರಿಗೆ ಹೊಟ್ಟೆಯ ಚೀಲ ಸಣ್ಣದು ಮಾಡೋ ಆಪರೇಷನ್ ಇದೆ. ಅದು ಜಾದೂ ಅಲ್ಲ. ಆಮೇಲೂ ಸ್ವಲ್ಪ ಸ್ವಲ್ಪವೇ ತಿನ್ನಬೇಕು, ಜೀವನಪೂರ್ತಿ ವಿಟಮಿನ್ ಗುಳಿಗೆ ತಗೋಬೇಕು. ಅಪಾಯವೇ ಇಲ್ಲ ಅಂತ ನಾನು ಹೇಳೋದಿಲ್ಲ. ಆದರೆ ಹೀಗೇ ಬಿಟ್ಟರೆ ಕಿಡ್ನಿ ಹೋಗ್ತಾವೆ, ಹೃದಯ ಸೋಲ್ತದೆ. ಯೋಚನೆ ಮಾಡಿ."

ಖರ್ಚು ಮೂರೂವರೆ ಲಕ್ಷ. ಅವಳ ಹತ್ತಿರವಿದ್ದ ಸರ್ಕಾರಿ ಆರೋಗ್ಯ ಕಾರ್ಡಿಗೆ ಈ ಆಪರೇಷನ್ ಬರುವುದಿಲ್ಲ ಎಂದು ಕೌಂಟರಿನವರು ಹೇಳಿದರು.

ಬಸ್ಸಿನಲ್ಲಿ ಬರುವಾಗ ಸಾವಂತ್ರೆವ್ವ ಕಿಟಕಿಯ ಕಡೆ ಮುಖ ಮಾಡಿ ಕೇಳಿದಳು: "ಗಟ್ಟಿ ಇದ್ದ ಹೊಟ್ಟಿ ಕೊಯ್ಸಿಕೊಳ್ಳೂದಂದ್ರ ಹುಚ್ಚು ಅಲ್ಲೇನ? ಅಲ್ಲೇ ಸತ್ತ್ರ ಮಗಳ ಗತಿ ಏನ?"

ಗಂಡ ಹೇಳಿದ: "ನೀ ಹೆಂಗಿದ್ರೂ ನನಗ ಚೆಂದ ಅದಿ. ಮೈ ಬಗ್ಗೆ ನಾ ಯಾವತ್ತರ ಒಂದು ಮಾತು ಅಂದೀನೇನು? ಆದ್ರ ನಿನ್ನ ಉಸರು ನಿಂತಾಗ ಮತ್ತ ಬರೂತನಕಾ ನಾ ಎಣಸ್ತಿರ್ತೀನಿ. ಒಂದು, ಎರಡು, ಮೂರು ಅಂತ. ಹೋದ ವಾರ ಮೂವತ್ತೊಂದಕ್ಕ ಬಂತು."

ಸಾವಂತ್ರೆವ್ವ ಅತ್ತಳು. ಆಪರೇಷನ್ ಮಾಡಿಸಿಕೊಳ್ಳಬೇಕೆಂದು ಅವಳು ನಿರ್ಧಾರ ಮಾಡಿದ್ದು ಆ ಬಸ್ಸಿನಲ್ಲಿ.

ಇನ್ನು ದುಡ್ಡು. ತವರಿನವರು ಹಾಕಿದ್ದ ಬಂಗಾರ, ರೊಟ್ಟಿ ಮಾಡುವ ಹೆಣ್ಣುಮಕ್ಕಳ ಸಂಘದ ಸಾಲ, ಎರಡೂ ಸೇರಿದರೆ ಅರ್ಧ ಆಗುತ್ತಿತ್ತು. ಇನ್ನರ್ಧಕ್ಕೆ ಅವಳು ಎಲ್ಲಿಗೆ ಹೋಗಬೇಕು? ಮಠಕ್ಕೆ ಬಂದಳು. ನಮ್ಮ ಟ್ರಸ್ಟಿನಲ್ಲಿ ಬಡವರ ಚಿಕಿತ್ಸೆಗೆಂದೇ ಒಂದು ನಿಧಿ ಇದೆ. ಯಾರಿಗೆ ಯಾವ ರೋಗಕ್ಕೆ ಸಹಾಯವಾಯಿತೆಂದು ಹೆಬ್ಬಾಗಿಲ ಬೋರ್ಡಿನ ಮೇಲೆ ಬರೆಯುತ್ತೇವೆ. ಇಂಥವರ ಹೃದಯ, ಇಂಥವರ ಕಿಡ್ನಿ, ಇಂಥವರ ಕಣ್ಣು. ಆ ನಿಧಿಗೆ ದುಡ್ಡು ಎಲ್ಲಿಂದ ಬಂದದ್ದು? ತುಲಾಭಾರದ ನಾಣ್ಯದಿಂದ.

ಇಷ್ಟರಲ್ಲಿ ಆ ತುಲಾಭಾರವಾಗಿ ಒಂದು ವರ್ಷ ಕಳೆದಿತ್ತು, ಊರಿನಲ್ಲಿ ಒಂದು ಪವಾಡ ನಡೆದಿತ್ತು. ಸಾಹುಕಾರ ತೆಳ್ಳಗಾಗಿದ್ದ! ಎರಡನೆಯ ತುಲಾಭಾರದಲ್ಲಿ ತೂಗಿದ್ದು ಎಪ್ಪತ್ತೆಂಟು ಕಿಲೋ. ಜನ ಬಾಯಿ ಬಾಯಿ ಬಿಟ್ಟರು. ಸಾಹುಕಾರ ಮೈಕು ಹಿಡಿದು ಹೇಳಿದ: "ವರ್ಷಪೂರ್ತಿ ಸ್ವಾಮಾರ, ಗುರುವಾರ ನಿರಾಹಾರ ಮಾಡೀನ್ರಿ. ಬಾಯಿ ಕಟ್ಟೀನಿ. ಎಲ್ಲಾ ಅಜ್ಜಾರ ಆಶೀರ್ವಾದ." ಅಜ್ಜಾರು ಎಂದರೆ ನಾನು. ನಾನು ಉಬ್ಬಿಹೋದೆ. ಮೂವತ್ನಾಲ್ಕು ಕಿಲೋ ನನ್ನ ಆಶೀರ್ವಾದದಿಂದ ಕರಗಿದೆ ಎಂದರೆ ಯಾವ ಸ್ವಾಮಿ ಉಬ್ಬುವುದಿಲ್ಲ? ಅದನ್ನು ಕರಪತ್ರದಲ್ಲಿ ಅಚ್ಚು ಹಾಕಿಸಿ ಊರೂರಿಗೆ ಹಂಚಿಸಿದೆ.

ಅದಾಗಿ ತಿಂಗಳಿಗೆ ಸಾವಂತ್ರೆವ್ವ ಟ್ರಸ್ಟಿನ ಸಭೆಯ ಮುಂದೆ ನಿಂತಳು. ಕೂರು ಎಂದು ಯಾರೂ ಹೇಳಲಿಲ್ಲ. ಮೊಣಕಾಲು ನೋವಿನವಳು ಅರ್ಧ ಗಂಟೆ ನಿಂತೇ ಇದ್ದಳು. ಅರ್ಜಿ ಓದಿ ಒಬ್ಬ ಸದಸ್ಯ ಹೇಳಿದ: "ಹಸದವರಿಗೆ ಅನ್ನಾ ಹಾಕೋ ಮಠ ಇದು. ಹೊಟ್ಟಿ ತುಂಬಿದವರಿಗೆ ರೊಕ್ಕಾ ಹಾಕೂದೇನು?"

ಇನ್ನೊಬ್ಬ: "ಹಾರ್ಟ್ ಆಪರೇಷನ್ ಅಂದ್ರ ಹೌದಪಾ. ಇದು ಬಣ್ಣಾ ಬಳಕೊಂಡಂಗ, ಚೆಂದ ಕಾಣಾಕ ಮಾಡಿಸಿಕೊಳ್ಳೂದು."

"ಚೆಂದ ಕಾಣಾಕಲ್ಲರಿ ಅಪ್ಪಾ, ಉಸರಾಡಾಕ," ಎಂದಳು ಸಾವಂತ್ರೆವ್ವ.

ಸಾಹುಕಾರ ಡಾಕ್ಟರರ ಕಾಗದವನ್ನು ಎರಡೆರಡು ಸಲ ಓದಿದ. ಮಡಚಿ ಅವಳ ಮುಂದೆ ತಳ್ಳಿದ. "ಕತ್ತರಿ ಹಾಕಿಸಿಕೊಳ್ಳೂದು ಯಾಕ ಬೇಕ ತಂಗಿ? ಬಾಯಿ ಕಟ್ಟು. ನಾ ಕಟ್ಟಿಲ್ಲೇನು?"

ಅವಳು ನನ್ನ ಕಡೆ ನೋಡಿದಳು. ನಾನು ಏನು ಮಾಡಿದೆ? ಹನ್ನೊಂದು ಸೋಮವಾರ ನಿರಾಹಾರ ಮಾಡು ಎಂದು ಹೇಳಿ, ಮಂತ್ರಿಸಿದ ದಾರ ಕಟ್ಟಿ ಕಳಿಸಿದೆ. ಮೂರು ವರ್ಷ ಓಡಾಡಿ ಡಾಕ್ಟರರ ಸಲಹೆ ತಂದವಳಿಗೆ ನಾನು ಕೊಟ್ಟದ್ದು ಒಂದು ಮೊಳ ದಾರ!

ನಂಬಿದವಳು ಅವಳು. ಗುರುವಿನ ಮಾತು ಮೀರಬಾರದೆಂದು ಹಿಡಿದಳು. ಮೊದಲ ಸೋಮವಾರ ಕಣ್ಣು ಕತ್ತಲೆ ಬಂತು. ಎರಡನೆಯದಕ್ಕೆ ಕೈ ನಡುಗಿತು. 'ವ್ರತ ಮೈಗೆ ಹತ್ತತೈತಿ, ಅದಕ್ಕ ಹಂಗ' ಎಂದು ಓಣಿಯವರು ಹುರಿದುಂಬಿಸಿದರು. ಮೂರನೆಯ ಸೋಮವಾರ ಮದುವೆ ಮನೆಯ ಐನೂರು ರೊಟ್ಟಿ ಕೊಡಬೇಕಿತ್ತು. ಸಕ್ಕರೆ ರೋಗದ ಗುಳಿಗೆ ಬಿಡಬಾರದೆಂದು ನುಂಗಿದ್ದಳು, ಹೊಟ್ಟೆಗೆ ಮಾತ್ರ ಏನೂ ಇಲ್ಲ. ಕಾದ ಹಂಚಿನ ಮುಂದೆ ಕೂತವಳು ಕೂತಲ್ಲೇ ವಾಲಿದಳು. ಎಡಗೈ ಹಂಚಿನ ಮೇಲೆ ಬಿತ್ತು. ಎಚ್ಚರವಿಲ್ಲದವಳಿಗೆ ಸುಡುವುದಾದರೂ ಹೇಗೆ ಗೊತ್ತಾಗಬೇಕು? ಜೊತೆಯವರು ಓಡಿ ಬಂದು ಎತ್ತುವಷ್ಟರಲ್ಲಿ ಅಂಗೈ ಬೆಂದಿತ್ತು.

ಡಾಕ್ಟರಮ್ಮ ಸಿಟ್ಟಿನಿಂದ ಕೇಳಿದರು: "ಗುಳಿಗೆ ನುಂಗಿ ಉಪವಾಸ ಮಾಡು ಅಂತ ಯಾರು ಹೇಳಿದ್ದು ನಿಮಗೆ? ಇನ್ನು ಅರ್ಧ ಗಂಟೆ ತಡವಾಗಿದ್ದರೆ ಜೀವ ಹೋಗ್ತಿತ್ತು!" ಸಾವಂತ್ರೆವ್ವ ನನ್ನ ಹೆಸರು ಹೇಳಲಿಲ್ಲ. "ನಾನ ಮಾಡಿದ್ನಿರಿ" ಎಂದಳು.

ಈಗ ಕೇಳಿ. ಕೆಲವು ವಾರಗಳ ನಂತರ ಕೈಯ ಪಟ್ಟಿ ಬದಲಿಸಲು ಅವಳು ಆಸ್ಪತ್ರೆಗೆ ಹೋದಳು. ಹಾಗೇ ಡಾಕ್ಟರಮ್ಮನನ್ನು ಕಂಡು ಬರೋಣವೆಂದು ಮೇಲಿನ ಮಹಡಿಗೆ ಹತ್ತಿದಳು. ಅಲ್ಲಿ ಬೆಂಚಿನ ಮೇಲೆ ತಲೆಗೆ ಮಫ್ಲರು ಸುತ್ತಿಕೊಂಡು ಒಬ್ಬ ಗಂಡಸು ಗೋಡೆ ಕಡೆ ತಿರುಗಿ ಕೂತಿದ್ದ. ನರ್ಸಮ್ಮ ಬಂದು ಅವನನ್ನು ಗದರಿದಳು: "ಯಜಮಾನ್ರ, ಹೊಟ್ಟಿ ಆಪರೇಷನ್ ಆಗಿ ವರ್ಷದ ಮ್ಯಾಲಾತು. ವಿಟಮಿನ್ ಗುಳಗಿ ಬಿಡಬ್ಯಾಡ್ರಿ ಅಂತ ಎಷ್ಟು ಸಲ ಹೇಳಬೇಕ್ರಿ ನಿಮಗ?"

ಗಂಡಸು ತಿರುಗಿದ. ಸಾಹುಕಾರ!

ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ಮೊದಲ ತುಲಾಭಾರವಾದ ಎರಡೇ ತಿಂಗಳಿಗೆ ಅವನು ಕಾಶಿಗೆಂದು ಹೇಳಿ ಹೋಗಿ ಇದೇ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿಸಿಕೊಂಡಿದ್ದ. ಮಾಡಿಸಿಕೊಂಡದ್ದು ತಪ್ಪೇ? ಖಂಡಿತ ಅಲ್ಲ. ಅವನಿಗೂ ರೋಗವಿತ್ತು, ಚಿಕಿತ್ಸೆ ಪಡೆದ, ಗುಣವಾದ. ಸಂತೋಷ. ಆದರೆ ಚಿಕಿತ್ಸೆಯನ್ನು ಮುಚ್ಚಿಟ್ಟು ವ್ರತವೆಂದು ಮಾರಿದನಲ್ಲ! ಅದೇ ಆಪರೇಷನ್ನಿನ ಕಾಗದವನ್ನು ಎರಡು ಸಲ ಓದಿ, ಅದೇ ರೋಗದವಳ ಮುಂದೆ ತಳ್ಳಿ, ಬಾಯಿ ಕಟ್ಟು ಎಂದನಲ್ಲ! ಇದಕ್ಕೆ ಏನೆನ್ನುತ್ತೀರಿ?

ಸಾವಂತ್ರೆವ್ವ ಪಟ್ಟಿ ಸುತ್ತಿದ ಕೈಯನ್ನೊಮ್ಮೆ ನೋಡಿದಳು, ಅವನನ್ನೊಮ್ಮೆ ನೋಡಿದಳು. ಸಾಹುಕಾರ ಅವಳನ್ನು ಮೆಟ್ಟಿಲ ಪಕ್ಕಕ್ಕೆ ಕರೆದು ಕೈ ಮುಗಿದ. "ತಂಗಿ, ಮರ್ಯಾದಿ ಪ್ರಶ್ನಿ. ನಿನ್ನ ಆಪರೇಷನ್ನಿನ ಪೂರಾ ಖರ್ಚು ನಂದು. ಇವತ್ತ ಕಟ್ಟತೀನಿ. ಒಂದ ಮಾತು. ಇದು ಯಾರಿಗೂ ತಿಳೀಬಾರ್ದು. ನೀನೂ ತೆಳ್ಳಗಾದ ಮ್ಯಾಲ ಯಾರರ ಕೇಳಿದ್ರ, ಉಪಾಸ ಮಾಡಿ ಇಳಿಸೀನಿ ಅಂತ ಹೇಳ್ಬೇಕು."

ತಾಯಂದಿರೇ, ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಜೀವ ಉಳಿಸುವ ದುಡ್ಡು ಕೈಯಳತೆಯಲ್ಲಿದೆ. ಒಂದು ಸುಳ್ಳು, ಅಷ್ಟೆ. ಮಗಳಿಗೆ ತಾಯಿ ಉಳಿಯುತ್ತಾಳೆ. ಗಂಡ ಎಣಿಸುವುದು ನಿಲ್ಲುತ್ತದೆ. ಸಾವಂತ್ರೆವ್ವ ಹೂಂ ಎನ್ನಲು ಬಾಯಿ ತೆರೆದೇ ಬಿಟ್ಟಿದ್ದಳು. ಇದನ್ನು ಅವಳೇ ಆಮೇಲೆ ಒಪ್ಪಿಕೊಂಡಳು. ತೆರೆದ ಬಾಯಿಂದ ಬಂದದ್ದು ಬೇರೆ ಮಾತು.

"ಸಾವಕಾರ್ರ, ನನ್ನ ಸಂಗಾಟ ರೊಟ್ಟಿ ಬಡಿಯೋ ಇಬ್ಬರಿಗೆ ಸಕ್ಕರಿ ರೋಗ ಐತಿ. ನಿಮ್ಮನ್ನ ನೋಡಿ ಅವರೂ ಸ್ವಾಮಾರ ಹಿಡದಾರ. ನಾಳೆ ನನ್ನನ್ನ ನೋಡಿ ಇನ್ನೂ ಹತ್ತು ಮಂದಿ ಹಿಡೀತಾರ. ಯಾರರ ಒಬ್ಬಾಕಿ ಹಂಚಿನ ಮುಂದ ಬಿದ್ದು ಸತ್ರ, ಆ ರೊಕ್ಕದಾಗ ಉಳದ ಜೀವಾ ಇಟಗೊಂಡು ನಾ ಏನ ಮಾಡ್ಲಿ? ನಿಮ್ಮ ಗುಟ್ಟು ನಿಮ್ಮದು, ನಾ ಯಾರ ಮುಂದೂ ಹೇಳಂಗಿಲ್ಲ. ಆದ್ರ ನನ್ನ ಬಾಯಿಲೆ ಸುಳ್ಳ ಆಡಸಬ್ಯಾಡ್ರಿ."

ಹೀಗೆಂದು ಇಳಿದು ಬಂದಳು. ಬಸ್ಸಿನಲ್ಲಿ ಗಂಡನ ಮುಂದೆ ಅತ್ತಳಂತೆ, ಸಿಕ್ಕ ಜೀವ ಬಿಟ್ಟು ಬಂದೆನಲ್ಲ ಎಂದು.

ಮರುದಿನ ನೇರ ಮಠಕ್ಕೆ ಬಂದಳು. ನಮಸ್ಕಾರ ಮಾಡಿ ಪಟ್ಟಿ ಬಿಚ್ಚಿ ಅಂಗೈ ತೋರಿಸಿದಳು. "ಅಜ್ಜಾರ, ಸಿಟ್ಟಿಗೇಳಬ್ಯಾಡ್ರಿ, ಒಂದು ಕೇಳ್ತೀನಿ. ಹೋದ ವರ್ಷ ನಿಮ್ಮ ಕಣ್ಣಿಗೆ ಪೊರಿ ಬಂದಿತ್ತಲ್ಲ, ಅದನ್ನ ಯಾವ ಉಪಾಸ ಮಾಡಿ ತಗಸಿದ್ರಿ?"

ನೋಡಿ, ನನ್ನ ಕಣ್ಣಿಗೆ ಡಾಕ್ಟರು, ಟ್ರಸ್ಟಿನ ದುಡ್ಡು, ಬೋರ್ಡಿನ ಮೇಲೆ ಹೆಸರು. ಅವಳ ಹೊಟ್ಟೆಗೆ ದಾರ. ನನ್ನ ಮೇಲೆ ನನಗೇ ಬಂದ ಆ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಅವತ್ತೇ ಸಭೆ ಕರೆದೆ. ಮತ್ತೆ ಅದೇ ರಾಗ. ಹೊಟ್ಟೆ ತುಂಬಿದವರು, ಚೆಂದ ಕಾಣುವುದು, ಸಾಹುಕಾರರು ಮಾಡಿ ತೋರಿಸಲಿಲ್ಲವೇ. ಸಾಹುಕಾರ ಮಾತ್ರ, ಸಾವಂತ್ರೆವ್ವ ಎಲ್ಲ ಹೇಳಿರಬೇಕೆಂದು ನನ್ನ ಮುಖ ನೋಡಿದ. ನನಗೆ ಏನೂ ಗೊತ್ತಿರಲಿಲ್ಲ, ಅವಳು ಒಂದಕ್ಷರ ಹೇಳಿರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಅವಳ ಕಡೆ ನೋಡಿದ. ಅವಳು ನೆಲ ನೋಡುತ್ತಿದ್ದಳು. ಅದನ್ನು ಅವನಿಗೆ ತಡೆದುಕೊಳ್ಳಲಾಗಲಿಲ್ಲ. ಎದ್ದು ನಿಂತು ಅಂಗಿ ಎತ್ತಿದ. ಹೊಟ್ಟೆಯ ಮೇಲೆ ಐದು ಸಣ್ಣ ಕಲೆ. "ನಾ ಉಪಾಸ ಮಾಡಿಲ್ಲ. ಕೊಯ್ಸಿಕೊಂಡೀನಿ. ಈಕಿಗೆ ಗೊತ್ತಿತ್ತು. ಹೇಳಿಲ್ಲ."

ಸಭೆ ಬೆಚ್ಚಿತು. ಆಮೇಲೆ ಮೊದಲು ಬಂದ ಮಾತು ಯಾವುದೆಂದುಕೊಂಡಿರಿ? 'ಪಾಪ, ಆ ಹೆಣ್ಣುಮಗಳಿಗೆ ಅನ್ಯಾಯವಾಯಿತು' ಎಂದೇ? ಅಲ್ಲ! "ಇದು ಹೊರಗ ಹೋಗಬಾರ್ದ್ರಿ, ಮಠದ ಮರ್ಯಾದಿ!" ಕರಪತ್ರ ಹಂಚಿ ಆಗಿದೆ, ಹಾಗೇ ಇರಲಿ ಎಂದರು. ಸಾವಂತ್ರೆವ್ವನಿಗೆ ದುಡ್ಡು ಕೊಡೋಣ, ಬೋರ್ಡಿನ ಮೇಲೆ ಮಾತ್ರ 'ಸಾಮಾನ್ಯ ಚಿಕಿತ್ಸೆ' ಎಂದು ಬರೆಯೋಣ ಎಂದರು.

ಬಾಗಿಲಿನಿಂದ ಅವಳ ದನಿ ಬಂತು: "ಹಂಗಾದ್ರ ನನಗ ಬ್ಯಾಡ್ರಿ. ಹಾರ್ಟಿನವರ ಹೆಸರಿನ ಕೆಳಗ ಹೊಟ್ಟಿ ಆಪರೇಷನ್ ಅಂತ ಚೊಕ್ಕ ಬರೀರಿ. ಓದಿದವರು ನಗ್ಲಿ. ನಕ್ಕ ಮ್ಯಾಲ ಒಬ್ಬಾಕಿ ಆದ್ರೂ ಡಾಕ್ಟರ ಕಡೆ ಹೋಗ್ತಾಳ."

ನಾನೇ ಎದ್ದು ಹೋಗಿ ನನ್ನ ಕೈಯಾರೆ ಬರೆದೆ. ಸಾವಂತ್ರೆವ್ವ, ತೂಕ ಇಳಿಸುವ ಹೊಟ್ಟೆಯ ಆಪರೇಷನ್ನಿಗೆ, ಅರ್ಧ ಖರ್ಚು. ಇನ್ನರ್ಧ ಅವಳದೇ, ಅವಳ ಬಂಗಾರ, ಅವಳ ಸಂಘದ ಸಾಲ. ಹಳೆಯ ಕರಪತ್ರ ಸುಳ್ಳೆಂದು ಹೊಸ ಕರಪತ್ರ ಹಾಕಿಸಿದೆ. ಆಪರೇಷನ್ ಆಗಿ ಏಳು ತಿಂಗಳಾಯಿತು. ಅವಳೇನು ಬಳುಕುವ ಬಳ್ಳಿಯಾಗಿಲ್ಲ. ಮೊದಲ ಕೆಲವು ತಿಂಗಳು ವಾಂತಿ, ಸುಸ್ತು, ಕೂದಲು ಉದುರುವುದು, ಎಲ್ಲ ಅನುಭವಿಸಿದಳು. ಆದರೆ ಗಂಡ ಈಗ ಎಣಿಸುವುದಿಲ್ಲ. ಈ ಕಥೆಯನ್ನು ಎಲ್ಲಿ ಬೇಕಾದರೂ ಹೇಳಿ ಎಂದು ಅವಳೂ ಹೇಳಿದ್ದಾಳೆ, ಹೆಸರು ಬಿಟ್ಟು ಹೇಳಿ ಎಂದು ಸಾಹುಕಾರನೂ ಹೇಳಿದ್ದಾನೆ.

ಈಗ ನಿಮ್ಮ ಸರದಿ. ತಲೆ ತಗ್ಗಿಸಬೇಡಿ, ಮೇಲೆ ನೋಡಿ. ನಿಮ್ಮ ಓಣಿಯಲ್ಲಿ ದಪ್ಪ ಇರುವವರನ್ನು ಏನೆಂದು ಕರೆಯುತ್ತೀರಿ? ಮದುವೆ ಮನೆಯಲ್ಲಿ ಯಾರ ಎಲೆಯಲ್ಲಿ ಎಷ್ಟು ಹೋಳಿಗೆ ಬಿತ್ತೆಂದು ಎಣಿಸುತ್ತೀರಿ? ಒಲ್ಲೆ ಒಲ್ಲೆ ಎಂದರೂ ನೀವೇ ಒತ್ತಾಯದಿಂದ ಬಡಿಸಿ, ಆಮೇಲೆ ನೀವೇ 'ಎಷ್ಟ ದಪ್ಪ ಆಗೀಯವ್ವ' ಎನ್ನುತ್ತೀರಲ್ಲ, ಆ ನಾಲಿಗೆಗೆ ಯಾವ ವ್ರತ ಹೇಳಲಿ ನಾನು? ರೋಗಿ ಬಂದು ಕಷ್ಟ ಹೇಳಿಕೊಂಡರೆ ನಿಂಬೆಹಣ್ಣು, ಜೇನುತುಪ್ಪ, ಯಾರೋ ಮಾರುವ ಪುಡಿ, ಹನ್ನೊಂದು ಸೋಮವಾರ ಎಂದು ಸಲಹೆ ಕೊಡಲು ನಿಮಗೆ ಅಧಿಕಾರ ಕೊಟ್ಟವರು ಯಾರು? ನನಗೇ ಇಲ್ಲದ ಅಧಿಕಾರ ನಿಮಗೆಲ್ಲಿಂದ ಬಂತು? ಡಾಕ್ಟರ ಹತ್ತಿರ ಹೋಗು, ಜೊತೆಗೆ ನಾನು ಬರುತ್ತೇನೆ ಎನ್ನಿ. ಅಷ್ಟು ಸಾಕು.

ಇಲ್ಲಿ ಯಾರಾದರೂ ಗುಟ್ಟಾಗಿ ಚಿಕಿತ್ಸೆ ಮಾಡಿಸಿಕೊಂಡವರು ಇದ್ದರೆ ಎದ್ದು ನಿಲ್ಲಬೇಕಿಲ್ಲ. ನಿಮ್ಮ ಮೈ ನಿಮ್ಮದು, ಸುಮ್ಮನಿರಲು ನಿಮಗೆ ಹಕ್ಕಿದೆ. ಆದರೆ ಅದೇ ರೋಗದವಳು ಬಂದು 'ನೀ ಹೆಂಗ ಆರಾಮಾದಿ' ಎಂದು ಕೇಳಿದಾಗ ದೇವರ ಹೆಸರಿನ ಹಿಂದೆ ಅಡಗಬೇಡಿ. ನಿಮ್ಮ ಒಂದು ಸುಳ್ಳಿಗೆ ಇನ್ನೊಬ್ಬರ ಕೈ ಬೇಯುತ್ತದೆ. ಟ್ರಸ್ಟು, ಸಂಘ ನಡೆಸುವವರೇ, ಅರ್ಜಿ ಹಿಡಿದು ಬಂದವರ ಮೈಯನ್ನಲ್ಲ, ಡಾಕ್ಟರರ ಕಾಗದವನ್ನು ನೋಡಿ. ಮೊದಲು ಅವರಿಗೆ ಕುರ್ಚಿ ಹಾಕಿ.

ಉಪವಾಸದ ಮಹಿಮೆ ಹೇಳು ಎಂದಿದ್ದರು. ಉಪವಾಸ ಒಳ್ಳೆಯದು, ಆರೋಗ್ಯವಿದ್ದವರು ಮಾಡಿ. ನಾಳೆ ಸೋಮವಾರ. ಸಕ್ಕರೆ ರೋಗಕ್ಕೆ ಗುಳಿಗೆ ನುಂಗುವವರು, ಸೂಜಿ ಚುಚ್ಚಿಸಿಕೊಳ್ಳುವವರು ಡಾಕ್ಟರನ್ನು ಕೇಳದೆ ಒಂದು ಹೊತ್ತನ್ನೂ ಬಿಡಬೇಡಿ. ನಾಳೆ ಬೆಳಿಗ್ಗೆ ಉಣ್ಣಿ. ದೇವರು ಕೇಳಿದರೆ ನನ್ನ ಹೆಸರು ಹೇಳಿ. ಅವನಿಗೆ ಉತ್ತರ ನಾನು ಕೊಡುತ್ತೇನೆ.